ಸತ್ತ ತಂತಿ – ಆರನೇ ಕಂತು: ನಾಲ್ಕನೇ ಪೆಟ್ಟಿಗೆ

"ಏಳನೇ ಕಾಗದ ಎಲ್ಲಿ?"

ಫ್ಯೂಸಮ್ಮ ಮೇಜಿನ ಮೇಲೆ ಅಂಗೈ ಊರಿ ಕೇಳಿದರು. ಹಾಗೆ ಕೇಳಿದ್ದು ಇದು ನಾಲ್ಕನೇ ಸಲ.

"ಬರ್ತಾ ಇದೆ ಮೇಡಂ," ಅಂದರು ಎಂಜಿನಿಯರ್ ಸಾಹೇಬರು.

"ಎಲ್ಲಿಂದ ಬರ್ತಾ ಇದೆ? ಪಕ್ಕದ ರೂಮಿಂದ ತಾನೇ? ನಡಕೊಂಡು ಬಂದಿದ್ರೂ ಇಷ್ಟೊತ್ತಿಗೆ ಬಂದು, ಟೀ ಕುಡಿದು ವಾಪಸ್ ಹೋಗ್ತಿತ್ತು."

ಪಕ್ಕದ ರೂಮು ನಾನು ಕೆಲಸ ಮಾಡುವ ರೂಮು. ವಿದ್ಯುತ್ ಕಚೇರಿಗೆ ಬರುವ ದೂರುಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ತೂತು ಹೊಡೆದು, ದಾರ ಕಟ್ಟಿ ಇಡುವುದು ನನ್ನ ಕೆಲಸ. ಏಳನೇ ಕಾಗದ ನನ್ನ ಕೈಯಲ್ಲೇ ಇತ್ತು. ಅದನ್ನು ಹಿಡಿದು ಬಾಗಿಲ ಹತ್ತಿರ ನಿಂತು ಹತ್ತು ನಿಮಿಷ ಆಗಿತ್ತು. "ಇಲ್ಲಿದೆ" ಅನ್ನುವ ಒಂದು ಮಾತು ಬಾಯಿಂದ ಬರಲಿಲ್ಲ.

ಫ್ಯೂಸಮ್ಮ ತಿರುಗಿದರು. ನನ್ನನ್ನು ನೋಡಿದರು. ಕಾಗದ ನೋಡಿದರು.

"ದೇವರೇ," ಅಂದು ಕಿತ್ತುಕೊಂಡರು.

ಅವರು ವಿದ್ಯುತ್ ಸುರಕ್ಷತಾ ಇಲಾಖೆಯ ತಪಾಸಣಾಧಿಕಾರಿ. ಬಂದ ಮೊದಲ ದಿನವೇ ಮೂರು ಸಲ ಸಿಡಿದದ್ದರಿಂದ ಕಚೇರಿಯವರು ಇಟ್ಟ ಹೆಸರು ಅದು. ಅವರಿಗೂ ಗೊತ್ತು. "ಫ್ಯೂಸ್ ಇರೋದೇ ಹೋಗೋಕೆ. ಹೋಗದೆ ಇದ್ರೆ ಮನೆ ಸುಟ್ಟುಹೋಗುತ್ತೆ," ಅಂದಿದ್ದರಂತೆ.

ಹೋದ ಗುರುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಕರೆಂಟ್ ತೆಗೆದ ಮೇಲೆ ಸತ್ತಿರಬೇಕಾಗಿದ್ದ ತಂತಿ ಮುಟ್ಟಿ ಲೈನ್‌ಮನ್ ಉದ್ದಣ್ಣ ಕಂಬದಿಂದ ಬಿದ್ದಿದ್ದರು. ಆ ತಂತಿಗೆ ಕರೆಂಟ್ ಬಿಟ್ಟದ್ದು ನನ್ನ ಭಾವನ ಮನೆಯ ಮೇಲಿನ ಸೋಲಾರ್ ಹಲಗೆ ಅಂತ ಕಚೇರಿಯ ಕಂಪ್ಯೂಟರ್ ಹೇಳುತ್ತಿತ್ತು.

ಈಗ ಎರಡೂ ಹತ್ತು. ಉದ್ದಣ್ಣನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ನಾಲ್ಕು ಗಂಟೆಗೆ ಎಂಜಿನಿಯರ್ ಸಾಹೇಬರು ವರದಿಗೆ ಸಹಿ ಹಾಕುತ್ತಾರೆ. ಹಾಕಿದರೆ ಭಾವ ಪೊಲೀಸ್ ಠಾಣೆಯ ಬೆಂಚಿನಿಂದ ಎದ್ದು ಸೀದಾ ಜೈಲಿಗೆ.

ವರದಿ ಟೈಪಾಗಿ ಮೇಜಿನ ಮೇಲಿತ್ತು. ಅದರ ಮೇಲೆ ಗಾಜಿನ ಗುಂಡು. ಪಕ್ಕದಲ್ಲಿ ಕ್ಯಾಪು ಹಾಕಿದ ಪೆನ್ನು.

ಫ್ಯೂಸಮ್ಮ ಭಾವ ಬರೆದ ಏಳೂ ಕಾಗದಗಳನ್ನು ಹರಡಿಕೊಂಡು ಗಟ್ಟಿಯಾಗಿ ಓದತೊಡಗಿದರು.

"ಮೊದಲನೇದು. 'ನನ್ನ ಗೋಡೆಯ ಮೀಟರಿನಲ್ಲಿ ಹೋದ ತಿಂಗಳು ನಿಮಗೆ ಮಾರಿದ ಕರೆಂಟು ನೂರ ಎಂಬತ್ತು ಯೂನಿಟ್. ನಿಮ್ಮ ಬಿಲ್ಲಿನಲ್ಲಿ ತೊಂಬತ್ತಾರು. ಯಾವುದು ಸರಿ?' ನಿಮ್ಮ ಉತ್ತರ: 'ತಮ್ಮ ಬಿಲ್ಲಿನಲ್ಲಿ ಇರುವುದು ಸರಿಯಾಗಿದೆ.'"

"ನಿಯಮ ಪ್ರಕಾರ..." ಸಾಹೇಬರು ಶುರು ಮಾಡಿದರು.

"ಎರಡನೇದು. 'ಬಿಲ್ಲಿನಲ್ಲಿ ಇರುವುದು ಯಾವ ಮೀಟರಿನ ಲೆಕ್ಕ?' ಉತ್ತರ: 'ತಮ್ಮ ಮೀಟರಿನ ಲೆಕ್ಕ.' ಮೂರನೇದು. 'ದಯವಿಟ್ಟು ಒಬ್ಬರು ಬಂದು ನನ್ನ ಗೋಡೆ ನೋಡಿ ಹೋಗಿ.' ಉತ್ತರ: 'ಹೊಸ ಮೀಟರು ಲೆಕ್ಕವನ್ನು ತಾನೇ ಕಳಿಸುವುದರಿಂದ ಯಾರೂ ಬರುವ ಅಗತ್ಯವಿಲ್ಲ. ಯೋಜನೆಗೆ ಸೇರಿದ್ದಕ್ಕೆ ಧನ್ಯವಾದ.'" ಅವರು ತಲೆ ಎತ್ತಿದರು. "ನಾಲ್ಕನೇದಕ್ಕೂ ಇದೇ ಉತ್ತರ. ಐದನೇದಕ್ಕೂ ಇದೇ. ಆರನೇದಕ್ಕೆ ಏನು ಕಳಿಸಿದೀರಿ ಗೊತ್ತಾ? ಯೋಜನೆಯ ಕರಪತ್ರ. ಬಣ್ಣದ್ದು. ನಗ್ತಾ ಇರೋ ಸೂರ್ಯನ ಚಿತ್ರ."

ಕರಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದವಳು ನಾನೇ. ನನ್ನ ಭಾವನಿಗೇ.

ಯೋಜನೆ ಅಂದರೆ ಇಷ್ಟೇ. ಮನೆಯ ಮೇಲೆ ಹಲಗೆ ಹಾಕಿಸಿಕೊಂಡವರು ಹುಟ್ಟಿದ ಕರೆಂಟಿನಲ್ಲಿ ತಮಗೆ ಬೇಕಾದಷ್ಟು ಬಳಸಿ, ಉಳಿದದ್ದನ್ನು ಬೀದಿಯ ಲೈನಿಗೆ ಬಿಡುತ್ತಾರೆ. ಕಚೇರಿ ಅದನ್ನು ಕೊಳ್ಳುತ್ತದೆ. ಬೀದಿಯ ಲೈನು ಸತ್ತರೆ ಮನೆಯ ಹಲಗೆಯೂ ತಾನಾಗಿ ನಿಲ್ಲಬೇಕು. ಇಲ್ಲದಿದ್ದರೆ ಕಂಬ ಹತ್ತಿದವನ ಕಥೆ ಮುಗಿಯಿತು. ಅದಕ್ಕಂತಲೇ ಪ್ರತಿ ಮನೆಯಲ್ಲೂ ಒಂದು ಕಾವಲು ಡಬ್ಬ ಹಾಕಿ, ಸೀಲ್ ಒತ್ತಿರುತ್ತಾರೆ.

"ಏಳನೇದು ಓದಿ ಮೇಡಂ," ಸಾಹೇಬರು ಮೆಲ್ಲಗೆ ಅಂದರು. ಅವರ ದನಿ ಯಾವತ್ತೂ ಏರುವುದಿಲ್ಲ. "ಅದನ್ನೂ ಗಟ್ಟಿಯಾಗಿ ಓದಿ."

ಫ್ಯೂಸಮ್ಮ ಓದಿದರು. "'ಇನ್ನು ನಿಮಗೆ ಬರೆಯುವುದಿಲ್ಲ. ಇದಕ್ಕೆ ನಾನೇ ಏನಾದರೂ ಮಾಡಿಕೊಳ್ಳುತ್ತೇನೆ.'"

"ಅಷ್ಟೇ. ಸಿಟ್ಟೂ ಇದೆ, ಕೈಯಲ್ಲಿ ವಿದ್ಯೆಯೂ ಇದೆ. ಮಿಕ್ಸಿ, ಫ್ಯಾನು, ಟೀವಿ ಎಲ್ಲ ಬಿಚ್ಚಿ ಕಟ್ಟೋ ರಿಪೇರಿಯವನು. ಕಾವಲು ಡಬ್ಬ ತಪ್ಪಿಸಿ ಜಾಸ್ತಿ ಕರೆಂಟ್ ತಳ್ಳೋಕೆ ನೋಡಿದಾನೆ. ಗುರುವಾರ ಲೈನು ಸತ್ತಿದ್ದಾಗಲೂ ಅವನ ಮೀಟರು ಮಾರಾಟ ತೋರಿಸ್ತಾ ಇತ್ತು."

"ನಿನ್ನೆ ಅವನ ಡಬ್ಬ ನಾನೇ ನೋಡಿದೆ. ಸೀಲ್ ಹಾಗೇ ಇದೆ. ಧೂಳೂ ಕೂತಿದೆ."

"ಮತ್ತೆ ಸರಿ ಮಾಡಿಟ್ಟಿರ್ತಾನೆ."

"ಧೂಳನ್ನೂ ರಿಪೇರಿ ಮಾಡ್ತಾನಾ?"

ಸಾಹೇಬರು ಗಡಿಯಾರ ನೋಡಿದರು.

ನಾನು ಗೋಡೆಯ ಬದಿಯ ಸ್ಟೂಲಿನ ಮೇಲೆ ಕೂತೆ. ಯಾರೂ ಹೋಗು ಅನ್ನಲಿಲ್ಲ. ತೊಡೆಯ ಮೇಲೆ ಚೀಲ, ಚೀಲದ ಬಾಯಿಂದ ಅರ್ಧ ಹೊರಗೆ ನಿಂತ ಊಟದ ಕ್ಯಾರಿಯರ್. ಬೆಳಿಗ್ಗೆ ಠಾಣೆಗೆ ಒಯ್ದದ್ದು, ಹಾಗೇ ವಾಪಸ್ ಬಂದಿತ್ತು. ಭಾವ ಮುಚ್ಚಳವನ್ನೂ ತೆಗೆದಿರಲಿಲ್ಲ.

ಫ್ಯೂಸಮ್ಮ ಅಲ್ಲೇ ಇದ್ದರು ಆಗ. "ಆ ಲೈನ್‌ಮನ್ ಜೊತೆ ಏನಾದ್ರೂ ಜಗಳ ಇತ್ತಾ? ಅವರ ಮನೆಗೆ ಹೋಗಿ ಬಂದು ಮಾಡ್ತಿದ್ಯಾ?" ಅಂತ ಕೇಳಿದ್ದರು.

"ಇಲ್ಲ ಮೇಡಂ. ಮುಖ ಗೊತ್ತು ಅಷ್ಟೇ. ಮನೆ ಎಲ್ಲಿದೆ ಅಂತಾನೂ ಗೊತ್ತಿಲ್ಲ," ಅಂದಿದ್ದರು ಭಾವ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಕ್ಯಾರಿಯರಿನ ಹಿಡಿಯನ್ನೇ ಬೆರಳಲ್ಲಿ ಸವರುತ್ತಿದ್ದರು. ಹಿಡಿ ಮುರಿದಾಗ ಅವರೇ ಹಳದಿ ವೈರ್ ಸುತ್ತಿ ಕೊಟ್ಟಿದ್ದರು. ಅವರಿಗೆ ಹಳದಿ ವೈರ್ ಇದ್ದರೆ ಸಾಕು. ಅಕ್ಕನ ಕನ್ನಡಕದ ಕಡ್ಡಿಗೂ ಅದೇ, ಬಾತ್‌ರೂಮಿನ ಬಾಗಿಲಿನ ಚಿಲಕಕ್ಕೂ ಅದೇ. ಮೂರು ಸುತ್ತು ಸುತ್ತಿ, ಚುಚ್ಚಬಾರದು ಅಂತ ತುದಿಯನ್ನು ಒಳಕ್ಕೆ ಮಡಚುತ್ತಾರೆ. "ರಿಪೇರಿ ಅಂದ್ರೆ ಕೈಗೆ ಗೊತ್ತಾಗಬಾರದು ಕಣೇ," ಅನ್ನುತ್ತಾರೆ.

ಕಾರಿಡಾರಿನ ಬೆಂಚಿನಲ್ಲಿ ಉದ್ದಣ್ಣನ ಹೆಂಡತಿ ಕೂತಿದ್ದರು. ಕಚೇರಿಯವರಿಗೆಲ್ಲ ಉದ್ದಣ್ಣ ಅಣ್ಣನಾದ್ದರಿಂದ ಅವರು ಅತ್ತಿಗೆ. ಆಸ್ಪತ್ರೆಯಿಂದ ದಿನಾ ಮಧ್ಯಾಹ್ನ ಸೀದಾ ಇಲ್ಲಿಗೆ ಬರುತ್ತಾರೆ. ಸಹಿ ಆಗುವುದನ್ನು ಕಣ್ಣಾರೆ ನೋಡಬೇಕಂತೆ. ನಾನು ಒಳಗೆ ಬರುವಾಗ, "ಎಷ್ಟು ನಂಬಿದ್ದೆ ಆ ಮನುಷ್ಯನ್ನ," ಅಂದಿದ್ದರು, ನನಗೆ ಕೇಳಲಿ ಅಂತಲೇ. ರಿಪೇರಿಗೆ ಮಿಕ್ಸಿ ಕೊಟ್ಟವರೆಲ್ಲ ಭಾವನನ್ನು ನಂಬಿದವರೇ ಅಂತ ನಾನು ಸುಮ್ಮನಾಗಿದ್ದೆ.

"ನಿಮ್ಮ ಕಂಪ್ಯೂಟರಲ್ಲಿ ಈಗ ನಡೀತಿರೋ ಮಾರಾಟ ಕಾಣುತ್ತಾ?" ಫ್ಯೂಸಮ್ಮ ಕೇಳಿದರು.

"ಕಾಣುತ್ತೆ. ನಿಮಿಷಕ್ಕೊಂದು ಸಲ ಬದಲಾಗುತ್ತೆ."

"ತೋರಿಸಿ."

ಪರದೆಯಲ್ಲಿ ಭಾವನ ಹೆಸರು, ಅದರ ಮುಂದೆ ಒಂದು ಪಾಯಿಂಟ್ ನಾಲ್ಕು. ಹೊರಗೆ ಬಿಸಿಲು ಚೆನ್ನಾಗಿತ್ತು.

"ಅವನ ಮನೇಲಿ ಯಾರಿದಾರೆ?"

ಸಾಹೇಬರು ನನ್ನ ಕಡೆ ಕೈ ತೋರಿಸಿದರು. "ಈ ಹುಡುಗಿ ಅವನ ನಾದಿನಿ. ಅಸಲಿಗೆ ಇವಳು ಈ ರೂಮಲ್ಲಿ ಇರೋದೇ ನಿಯಮಕ್ಕೆ..."

"ನಿಯಮ ಆಮೇಲೆ. ಏ ಹುಡುಗಿ, ಅಕ್ಕನಿಗೆ ಫೋನ್ ಹಚ್ಚು."

ಹಚ್ಚಿ ಅವರ ಕೈಗೆ ಕೊಟ್ಟೆ. ಫ್ಯೂಸಮ್ಮ ಸ್ಪೀಕರ್ ಒತ್ತಿದರು.

"ನೋಡಮ್ಮಾ, ಮೀಟರ್ ಪಕ್ಕ ಸೋಲಾರಿನ ಸ್ವಿಚ್ ಇರುತ್ತೆ. ಅದನ್ನ ಕೆಳಗೆ ಎಳಿ."

"ಯಾರು ಮಾತಾಡೋದು?" ಅಕ್ಕನ ದನಿ.

"ನಾನು ಯಾರಾದ್ರೆ ಏನು, ಸ್ವಿಚ್ ಎಳಿ."

"ಯಾರಾದ್ರೆ ಏನು ಅಂದ್ರೆ? ಸ್ವಿಚ್ ಮುಟ್ಟಿದ್ದಕ್ಕೇ ಅಲ್ವಾ ನನ್ನ ಗಂಡನ್ನ ಕೂರಿಸಿರೋದು? ಈಗ ನನ್ನ ಕೈಲೂ ಮುಟ್ಟಿಸಿ ನನ್ನನ್ನೂ ಕೂರಿಸ್ತೀರಾ?"

ಫ್ಯೂಸಮ್ಮ ಕಣ್ಣು ಮುಚ್ಚಿ ತೆಗೆದರು. ನಾನು ಫೋನಿನ ಹತ್ತಿರ ಬಾಗಿದೆ. "ಅಕ್ಕಾ. ಎಳಿಯೇ," ಅಂದೆ.

"ನೀನಿದ್ದೀಯಾ ಅಲ್ಲಿ? ಮೊದಲೇ ಬಾಯಿ ಬಿಡೋಕೇನು ರೋಗ? ಯಾವುದು, ಕೆಂಪಾ ಹಸಿರಾ?"

"ಕೆಂಪು."

"ಕೆಂಪು ಎರಡಿವೆ."

"ದೊಡ್ಡದು!" ಫ್ಯೂಸಮ್ಮ ಕೂಗಿದರು.

ಟಕ್ ಅನ್ನುವ ಸದ್ದು ಕೇಳಿಸಿತು. "ಎಳೆದೆ. ಮೀಟರಲ್ಲಿ ಸೊನ್ನೆ ಬಂತು. ಇನ್ನೇನು ಎಳೀಬೇಕು?"

ನಾವು ಮೂವರೂ ಪರದೆ ನೋಡಿದೆವು. ಒಂದು ನಿಮಿಷ ಆಯಿತು. ಒಂದು ಪಾಯಿಂಟ್ ನಾಲ್ಕು. ಎರಡು ನಿಮಿಷ. ಒಂದು ಪಾಯಿಂಟ್ ಐದು.

"ಏರಿದೆ," ಅಂದರು ಫ್ಯೂಸಮ್ಮ. "ಹಲಗೆ ಬಂದ್ ಮಾಡಿದ ಮೇಲೆ ಮಾರಾಟ ಏರಿದೆ. ಏನ್ ಸಾಹೇಬ್ರೇ, ಇದನ್ನೂ ಸರಿಯಾಗಿದೆ ಅಂತ ಬರೆದು ಕಳಿಸ್ತೀರಾ?"

"ಸಿಗ್ನಲ್ ತಡ ಆಗಿರಬಹುದು."

ಐದು ನಿಮಿಷ ಕಾದೆವು. ಒಂದು ಪಾಯಿಂಟ್ ಐದರಿಂದ ಅದು ಅಲುಗಲಿಲ್ಲ.

"ಇದು ಅವನ ಮೀಟರೇ ಅಲ್ಲ," ಫ್ಯೂಸಮ್ಮ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಬೇರೆ ಯಾರದೋ ಗೋಡೆ ಮೇಲಿರೋ ಮೀಟರು ಅವನ ಹೆಸರಲ್ಲಿ ಮಾತಾಡ್ತಾ ಇದೆ. ಎಂಟು ತಿಂಗಳಿಂದ ಆ ಮನುಷ್ಯ ಅದನ್ನೇ ಬಡಕೋತಾ ಇದಾನೆ. ಮೀಟರ್ ಹಾಕಿದೋನು ಯಾರು? ಕರೀರಿ."

ರಿಜಿಸ್ಟರ್ ಮಾಮ ಬಂದರು. ಕಿವಿಯ ಸಂದಿಯಲ್ಲಿ ಪೆನ್ಸಿಲ್, ಕಂಕುಳಲ್ಲಿ ಉದ್ದನೆಯ ಪುಸ್ತಕ. ಮೀಟರು ಹಾಕುವುದು, ಪುಸ್ತಕದಲ್ಲಿ ಬರೆಯುವುದು ಎರಡೂ ಅವರದೇ. ಇನ್ನೆರಡು ತಿಂಗಳಿಗೆ ನಿವೃತ್ತಿ. ಆ ಪುಸ್ತಕವನ್ನು ಅವರು ಹೆಂಡತಿಗೂ ಮುಟ್ಟಗೊಡುವುದಿಲ್ಲ ಅಂತ ಕಚೇರಿಯಲ್ಲಿ ತಮಾಷೆ.

"ಇವನ ಮನೆಗೆ ಮೀಟರ್ ಹಾಕಿದ ದಿನ ಹೇಗೆ ಹಾಕಿದಿರಿ? ಮೊದಲಿಂದ ಹೇಳಿ."

"ಹೇಗೆ ಅಂದ್ರೆ? ಸ್ಕ್ರೂಡ್ರೈವರಲ್ಲಿ."

"ನನ್ನ ತಾಳ್ಮೆ ಪರೀಕ್ಷೆ ಮಾಡಬೇಡಿ ಮಾಮ. ಅದು ಮೊದಲೇ ಫೇಲಾಗಿದೆ."

ಮಾಮ ಕೂತರು. "ಬೆಳಿಗ್ಗೆ ಸ್ಟೋರಿಂದ ಐದು ಪೆಟ್ಟಿಗೆ ತರಿಸಿದೆ. ಒಂದೊಂದರಲ್ಲಿ ಒಂದೊಂದು ಮೀಟರು. ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟುಕೊಂಡೆ. ಮೇಲಿನ ಪೆಟ್ಟಿಗೆಯ ನಂಬರು ಮೊದಲನೇ ಮನೆಗೆ, ಅದರ ಕೆಳಗಿಂದು ಎರಡನೇ ಮನೆಗೆ, ಹೀಗೆ ಪುಸ್ತಕದಲ್ಲಿ ಬರೆದೆ. ವ್ಯಾನಿಗೆ ಹಾಕಿದೆ. ಹೋದೆ. ಮೊದಲನೇ ಮನೆಗೆ ಮೊದಲನೇ ಪೆಟ್ಟಿಗೆ, ಎರಡನೇ ಮನೆಗೆ ಎರಡನೇದು. ಮುಗೀತು."

"ಗೋಡೆಗೆ ಹಾಕಿದ ಮೇಲೆ ನಂಬರು ನೋಡಿ ಬರೀಬೇಕು ಅಂತ ನಿಯಮ ಇಲ್ವಾ?"

"ಇದೆ. ಗೋಡೆ ಹತ್ತಿರ ನಿಂತು ಪುಸ್ತಕ ಹಿಡಿಯೋದು ಎಲ್ಲಿ? ನಾಯಿ ಬೊಗಳ್ತಿರುತ್ತೆ, ಮನೆಯೋರು ಬೇಗ ಮುಗಿಸಿ ಅಂತಿರ್ತಾರೆ. ಮೇಜಿನ ಮೇಲೆ ಬರೆದ್ರೆ ಅಕ್ಷರ ದುಂಡಗೆ ಬರುತ್ತೆ. ಯಾವತ್ತೂ ಒಂದು ತಪ್ಪು ಆಗಿಲ್ಲ. ಪುಸ್ತಕ ನೋಡಿ, ಒಂದು ಗೀಚು ಇಲ್ಲ."

ನಿಜ. ಪುಸ್ತಕ ಮುತ್ತಿನ ಹಾಗಿತ್ತು. ಫ್ಯೂಸಮ್ಮ ಹಾಳೆ ಮೇಲೆ ಬೆರಳು ಎಳೆದರು, ಹಣೆ ಉಜ್ಜಿಕೊಂಡರು. ಎಲ್ಲಿ ತಪ್ಪಿತು ಅಂತ ಅವರಿಗೆ ಸಿಗಲಿಲ್ಲ. ಮೂರು ಗಂಟೆಗೆ ಇನ್ನು ಹತ್ತೇ ನಿಮಿಷ.

ನನಗೆ ಸಿಕ್ಕಿತ್ತು. ಯಾಕೆಂದರೆ ಮೂರು ವರ್ಷದಿಂದ ನಾನು ಅದೇ ಕೆಲಸ ಮಾಡುತ್ತಿದ್ದೇನೆ. ಕಡತಗಳನ್ನು ಮೇಜಿನಿಂದ ಗಾಡಿಗೆ, ಗಾಡಿಯಿಂದ ಕಪಾಟಿಗೆ ಸಾಗಿಸುವುದು. ಕೆಲಸಕ್ಕೆ ಸೇರಿದ ಮೊದಲ ವಾರ ತಾರೀಕೆಲ್ಲ ತಿರುಗಾಮುರುಗಾ ಆಗಿ ಬೈಸಿಕೊಂಡಿದ್ದೆ.

ಹೇಳೋಣ ಅಂದುಕೊಂಡೆ. ಮೂರು ಜನ ದೊಡ್ಡವರು. ಬಾಯಿ ತೆರೆಯುವ ಬದಲು ಚೀಲವನ್ನು ಪಕ್ಕಕ್ಕಿಟ್ಟೆ.

ಎದ್ದೆ. ಸಾಹೇಬರ ಕಪಾಟಿನಿಂದ ಐದು ಕಡತ ತಂದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟೆ. ಮಾಮನ ಕಿವಿಯಿಂದ ಪೆನ್ಸಿಲ್ ತೆಗೆದುಕೊಂಡೆ. ಅವರು "ಏಯ್" ಅಂದರು. ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು, ನಾಲ್ಕು, ಐದು ಅಂತ ಬರೆದೆ. ಆಮೇಲೆ ಮೇಲಿನ ಕಡತ ಎತ್ತಿ ಖಾಲಿ ಕುರ್ಚಿಯ ಮೇಲಿಟ್ಟೆ. ಅದರ ಮೇಲೆ ಎರಡನೆಯದು. ಅದರ ಮೇಲೆ ಮೂರನೆಯದು. ಹೀಗೆ ಐದೂ.

ಕುರ್ಚಿಯ ಮೇಲಿನ ರಾಶಿಯ ತುದಿಯಲ್ಲಿ ಐದು ಇತ್ತು. ಒಂದು ಎಲ್ಲಕ್ಕಿಂತ ಕೆಳಗೆ.

"ಇದು ವ್ಯಾನು," ಅಂದೆ. ಅಷ್ಟೇ ಆಗಿದ್ದು ನನ್ನ ಕೈಲಿ.

ಮಾಮ ಕುರ್ಚಿ ನೋಡಿದರು, ಮೇಜು ನೋಡಿದರು, ತಮ್ಮ ಎರಡು ಕೈ ನೋಡಿಕೊಂಡರು.

"ಮೊದಲನೇ ಮನೆಗೆ ಐದನೇ ಪೆಟ್ಟಿಗೆ ಹೋಗಿದೆ," ಫ್ಯೂಸಮ್ಮ ಪಿಸುಗುಟ್ಟಿದರು. ಅವರು ಪಿಸುಗುಟ್ಟಿದ್ದು ನಾನು ಕೇಳಿದ್ದು ಅದೇ ಮೊದಲು. "ಎರಡನೇ ಮನೆಗೆ ನಾಲ್ಕನೇದು. ನಾಲ್ಕನೇ ಮನೆಗೆ ಎರಡನೇದು. ಮಾಮ, ಒಟ್ಟು ಎಷ್ಟು ಮನೆಗೆ ಹೀಗೆ ಹಾಕಿದೀರಿ?"

"ಇನ್ನೂರ ಹತ್ತು."

ಎಂಜಿನಿಯರ್ ಸಾಹೇಬರು ಕೂರಲು ಹೋದರು. ಕುರ್ಚಿಯ ಮೇಲೆ ಕಡತ ಇದ್ದದ್ದರಿಂದ ನಿಂತೇ ಇರಬೇಕಾಯಿತು.

ಪಕ್ಕದ ರೂಮಿನಲ್ಲಿ ನಾನು ದಾರ ಕಟ್ಟಿಟ್ಟ ಕಾಗದದ ಕಂತೆಗಳು ಕಣ್ಣ ಮುಂದೆ ಬಂದವು. ಮಾರಾಟದ ಲೆಕ್ಕ ಕಮ್ಮಿ ಬಂದವರೆಲ್ಲ ಬರೆದಿದ್ದರು. ಜಾಸ್ತಿ ಬಂದವರು ಒಬ್ಬರೂ ಬರೆದಿರಲಿಲ್ಲ.

"ಹಳೇ ಮೀಟರ್ ಇದ್ದಾಗ ತಿಂಗಳಿಗೊಬ್ಬ ಹೋಗಿ ನೋಡ್ತಿದ್ದ ಮೇಡಂ," ಮಾಮ ಅಂದರು. "ತಪ್ಪಿದ್ರೆ ಒಂದೇ ತಿಂಗಳಲ್ಲಿ ಸಿಗ್ತಿತ್ತು. ಈಗ ಯಾರು ಹೋಗ್ತಾರೆ?"

"ಇವನು ಎರಡನೇ ಮನೆ. ಹಾಗಾದ್ರೆ ಇವನ ಹೆಸರಲ್ಲಿ ಮಾತಾಡ್ತಿರೋದು ನಾಲ್ಕನೇ ಮನೆಯ ಗೋಡೆ. ಅದು ಯಾರದು? ಓದಿ."

ಮಾಮ ಕನ್ನಡಕ ಸರಿಮಾಡಿಕೊಂಡರು. "ಒಂದು, ಬಟ್ಟೆ ಒಗೆಯೋ ಅಂಗಡಿ. ಎರಡು, ರಿಪೇರಿಯವನ ಮನೆ. ಮೂರು, ಹಲ್ಲಿನ ಡಾಕ್ಟರು. ನಾಲ್ಕು, ನೀರಿನ ಟ್ಯಾಂಕ್ ಹಿಂದಿನ ಮನೆ, ಸಿಬ್ಬಂದಿ ಕೋಟಾ..."

ನಿಲ್ಲಿಸಿದರು.

"ಓದಿ ಮಾಮ."

"ಇದು ನಮ್ಮ ಉದ್ದಣ್ಣನ ಮನೆ."

ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಯಾವಾಗ ಎದ್ದು ಬಂದರೋ. ಕೈಯಲ್ಲಿ ಆಸ್ಪತ್ರೆಯ ಚೀಟಿಗಳ ಪ್ಲಾಸ್ಟಿಕ್ ಕವರು.

"ಏನು ಹೇಳ್ತಾ ಇದೀರಿ?" ಅವರು ಕೇಳಿದರು. "ನನ್ನ ಮನೆ ಕರೆಂಟು ನನ್ನ ಗಂಡನ್ನ ಬೀಳಿಸಿತು ಅಂತೀರಾ?"

ಸತ್ತ ಲೈನು ಒಂದೇ. ಭಾವನ ಬೀದಿಯೂ ಅದರ ಮೇಲೆಯೇ, ಟ್ಯಾಂಕ್ ಹಿಂದಿನ ಮನೆಯೂ ಅದರ ಮೇಲೆಯೇ.

"ಇನ್ನೂ ಏನೂ ಹೇಳಿಲ್ಲಮ್ಮ," ಫ್ಯೂಸಮ್ಮನ ದನಿ ಇಳಿದಿತ್ತು. "ನೋಡೋಣ. ಮನೆ ಕೀ ಕೊಡ್ತೀರಾ?"

ಅತ್ತಿಗೆ ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಮಾಮ ಸ್ಕೂಟರ್ ಹತ್ತಿ ಹೋದರು. ನಾನು ಸ್ಟೂಲಿಗೆ ಬಂದು ಕೂತೆ.

ಮೂರೂ ಇಪ್ಪತ್ತಕ್ಕೆ ಫೋನ್ ಬಂತು.

"ಎಳೀಲಾ ಮೇಡಂ?"

"ಎಳೀರಿ."

ಒಂದು ನಿಮಿಷ. ಪರದೆ ಒಮ್ಮೆ ಮಿಟುಕಿತು. ಭಾವನ ಹೆಸರಿನ ಮುಂದೆ ಸೊನ್ನೆ.

ನಾನು ಉಸಿರು ಬಿಟ್ಟೆ. ಐದು ದಿನದಿಂದ ಎಲ್ಲಿ ಕಟ್ಟಿಟ್ಟಿದ್ದೆನೋ. ಅಕ್ಕನಿಗೆ ಹೇಳಬೇಕು ಅನಿಸಿತು. ತಣ್ಣಗಾದ ಈ ಊಟ ಬಿಸಿ ಮಾಡಿ ಮತ್ತೆ ಠಾಣೆಗೆ ಒಯ್ಯಬೇಕು, ಅಥವಾ ಒಯ್ಯುವುದೇ ಬೇಡ, ಅವರೇ ಮನೆಗೆ ಬರುತ್ತಾರೆ ಅನಿಸಿತು.

ಸಾಹೇಬರು ಗಾಜಿನ ಗುಂಡು ಎತ್ತಿ, ವರದಿಯನ್ನು ಮಡಚಿ ಡ್ರಾಯರಿಗೆ ಹಾಕಿದರು.

"ಕಾವಲು ಡಬ್ಬ ನೋಡಿದಿರಾ ಮಾಮ?" ಫ್ಯೂಸಮ್ಮ ಫೋನಿಗೆ ಕೇಳಿದರು.

"ನೋಡ್ತಾ ಇದೀನಿ. ಸೀಲ್ ಒಡೆದಿದೆ. ಮುಚ್ಚಳ ಸುಮ್ನೆ ಕೂರಿಸಿದಾರೆ. ಒಳಗೆ... ಓಹೋ. ಒಂದು ತುಂಡು ವೈರ್ ಸೇರಿಸಿ ಡಬ್ಬಾನ ತಪ್ಪಿಸಿದಾರೆ ಮೇಡಂ. ಲೈನ್ ಸತ್ರೂ ಹಲಗೆ ನಿಲ್ಲೋ ಹಾಗಿಲ್ಲ."

ಅತ್ತಿಗೆ ಗೋಡೆ ಹಿಡಿದುಕೊಂಡರು.

"ಕೂತ್ಕೊಳ್ಳಮ್ಮ. ನಿಮ್ಮ ಯಜಮಾನ್ರೇ ಹೀಗೆ ಮಾಡಿಕೊಂಡಿದ್ರಾ?"

"ಅವರಾ? ಇಪ್ಪತ್ತು ವರ್ಷ ಕಂಬ ಹತ್ತಿದೋರು. ಲೈನ್‌ಮನ್ ಮನೆಗೇ ಕತ್ತಲೆ ಅಂತ ನಾನು ಆಡಿಕೊಂಡ್ರೆ, ಕಾವಲು ಡಬ್ಬ ಮುಟ್ಟಿದ್ರೆ ನನ್ನ ಹೆಣ ಮುಟ್ಟಿದ ಹಾಗೆ ಅನ್ನೋರು. ಹೋದ ವಾರ ಸೋಮವಾರ ಕರೆಂಟ್ ಹೋದಾಗ್ಲೂ ನಮ್ಮನೆ ಹಲಗೆ ತಾನಾಗೇ ನಿಂತಿತ್ತು. ನಾನೇ ನೋಡಿದೀನಿ."

"ಅಂದ್ರೆ ಸೋಮವಾರ ಸರಿ ಇತ್ತು, ಗುರುವಾರ ಇರಲಿಲ್ಲ. ನಡುವೆ ಮನೇಲಿ ಯಾರಿದ್ರು?"

"ಯಾರೂ ಇಲ್ಲ. ಅವರು ಡ್ಯೂಟಿ. ನಾನು ಪ್ಯಾಕಿಂಗ್ ಕೆಲಸಕ್ಕೆ ಬೆಳಿಗ್ಗೆ ಏಳಕ್ಕೆ ಹೋದ್ರೆ ಸಂಜೆ. ಮನೆಗೆ ಬೀಗ."

"ಕೀ ಎಷ್ಟಿವೆ?"

"ಅವರದು ಆಸ್ಪತ್ರೆಯೋರು ಕವರಲ್ಲಿ ಹಾಕಿ ಕೊಟ್ಟಿದಾರೆ, ಇಲ್ಲೇ ಇದೆ. ನನ್ನದು ಮಾಮನ ಕೈಲಿ."

"ಮಾಮ," ಫ್ಯೂಸಮ್ಮ ಫೋನಿಗೆ ಬಾಗಿದರು. "ಆ ವೈರ್ ನಿಮ್ಮ ಕಚೇರಿದಾ?"

"ಅಲ್ಲ ಮೇಡಂ. ನಮ್ಮದು ಕೆಂಪು, ಕಪ್ಪು. ಇದು ಹಳದಿ. ಕೆಲಸ ಮಾತ್ರ ಬಹಳ ನೀಟು. ಎರಡು ಕಡೆನೂ ಮೂರು ಸುತ್ತು ಸುತ್ತಿ, ತುದಿ ಒಳಗೆ ಮಡಚಿದಾನೆ. ಕೈ ಹಾಕಿದ್ರೂ ಚುಚ್ಚಲ್ಲ."

ನಾನು ಪಕ್ಕದಲ್ಲಿದ್ದ ಕ್ಯಾರಿಯರಿನ ಹಿಡಿ ನೋಡಿದೆ.

"ಅಯ್ಯೋ, ಇನ್ನೊಂದು ಕೀ ಇದೆ," ಅಂದರು ಅತ್ತಿಗೆ. ಅವರು ಯಾರನ್ನೂ ನೋಡುತ್ತಿರಲಿಲ್ಲ, ನೆನಪು ಮಾಡಿಕೊಳ್ಳುತ್ತಿದ್ದರು. "ಮಂಗಳವಾರ ನಾನೇ ಕೊಟ್ಟೆ. ಟೀವಿ ಕೆಟ್ಟಿತ್ತು. ನೀವಿಲ್ಲದಾಗ್ಲೇ ಬಂದು ಮಾಡಿ ಹೋಗ್ತೀನಿ, ಕೀ ಕೊಟ್ಟಿರಿ ಅಂದ. ಎಷ್ಟು ನಂಬಿದ್ದೆ. ವಾಪಸ್ ಇಸ್ಕೊಳ್ಳೋದ್ರೊಳಗೆ ಇದೆಲ್ಲ ಆಯ್ತು."

"ಯಾರಿಗೆ ಕೊಟ್ರಿ?"

ಅತ್ತಿಗೆ ಈಗ ತಲೆ ಎತ್ತಿದರು. ಫ್ಯೂಸಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ಇವಳ ಭಾವನಿಗೆ."

ಮನೆ ಎಲ್ಲಿದೆ ಅಂತಾನೂ ಗೊತ್ತಿಲ್ಲ ಅಂದಿದ್ದರು ಭಾವ. ಬೆಳಿಗ್ಗೆ. ಈ ಕ್ಯಾರಿಯರಿನ ಹಿಡಿ ಸವರುತ್ತಾ.

ಬೆಳಿಗ್ಗೆಯದೇ ಇನ್ನೊಂದು ಸಂಗತಿ ನೆನಪಾಯಿತು. ಭಾವನ ರಿಪೇರಿ ಅಂಗಡಿಗೆ ಬೀಗ ಹಾಕಿ ಹೋಗು ಅಂತ ಅಕ್ಕ ಹೇಳಿದಾಗ ನಾನು ಮೊಳೆಯಿಂದ ಗೊಂಚಲು ತೆಗೆದುಕೊಂಡಿದ್ದೆ. ಶಟರಿನ ಕೀ, ಕಪಾಟಿನ ಕೀ, ಸೈಕಲ್ ಕೀ. ನಾಲ್ಕನೆಯದು ಯಾವುದೆಂದು ಗೊತ್ತಾಗಿರಲಿಲ್ಲ. ಹಿತ್ತಾಳೆಯದು. ಗಿರಾಕಿಯದ್ದಿರಬೇಕು ಅಂತ ಹಾಗೇ ಚೀಲಕ್ಕೆ ಹಾಕಿಕೊಂಡಿದ್ದೆ. ಅದರ ಕುತ್ತಿಗೆಗೆ ಹಳದಿ ವೈರಿನ ಉಂಗುರ ಇತ್ತು.

ಸಾಹೇಬರು ಡ್ರಾಯರ್ ತೆಗೆದರು. ವರದಿಯ ಮಡಿಕೆ ಬಿಚ್ಚಿ, ಅಂಗೈಯಲ್ಲಿ ಉಜ್ಜಿ ನೀಟು ಮಾಡಿದರು. ಪೆನ್ನಿನ ಕ್ಯಾಪು ತೆಗೆದ ಸದ್ದು ಕೇಳಿಸಿತು. ಗಡಿಯಾರದಲ್ಲಿ ನಾಲ್ಕಕ್ಕೆ ಕಾಲು ಗಂಟೆ ಇತ್ತು.

ನಾನು ಏನೂ ಗೊತ್ತಿಲ್ಲದವಳ ಹಾಗೆ ಕೈ ಚಾಚಿ ಕ್ಯಾರಿಯರಿನ ಹಿಡಿಯ ಮೇಲೆ ಇಟ್ಟೆ. ಮೂರು ಸುತ್ತು ಅಂಗೈಯಡಿಗೆ ಬಂದವು. ತುದಿ ಎಲ್ಲೂ ಚುಚ್ಚಲಿಲ್ಲ.

ಫ್ಯೂಸಮ್ಮ ಫೋನ್ ಕೆಳಗಿಟ್ಟರು. ಬೆಳಿಗ್ಗೆಯಿಂದ ಎಲ್ಲರ ಮೇಲೂ ಕೂಗಿದವರು ಈಗ ಕೂಗಲಿಲ್ಲ.

"ಹುಡುಗಿ," ಅಂದರು, "ಆ ಕೈ ತೆಗಿ."